ಮೊದಲು ಘಟ್ಟ ಆರಿಸಿ, ಆಮೇಲೆ ದಿನ ಎಣಿಸಿ

ಕೊಡಗಿನ ಸಂಪಾಜೆಯಿಂದ ಹಿಡಿದು ಜೊಯಿಡಾದ ಅಣಶಿಯವರೆಗೆ, ಕರ್ನಾಟಕದಲ್ಲಿ ಘಟ್ಟ ಇಳಿದು ಕಡಲು ಸೇರುವ ಡಾಂಬರು ದಾರಿಗಳು ಹತ್ತಕ್ಕೂ ಹೆಚ್ಚು. ಬಿಸಿಲೆ, ಶಿರಾಡಿ, ಚಾರ್ಮಾಡಿ, ಕುದುರೆಮುಖದ ದಾರಿ, ಆಗುಂಬೆ, ಬಾಳೆಬರೆ, ಕೊಲ್ಲೂರು, ಗೇರುಸೊಪ್ಪೆ, ದೊಡ್ಡಮನೆ, ದೇವಿಮನೆ, ಅರಬೈಲು. ಬೆಂಗಳೂರಿನಲ್ಲಿ ಕೂತು ಐದಾರು ದಿನದ ಬೈಕ್ ಪ್ರವಾಸಕ್ಕೆ ಲೆಕ್ಕ ಹಾಕುವ ಗೆಳೆಯರ ಗುಂಪು ಈ ಪಟ್ಟಿಯನ್ನು ನೋಡುವುದೇ ಅಪರೂಪ. ಅವರ ಮಾತು ಶುರುವಾಗುವುದು ಹೋಂಸ್ಟೇಯಿಂದ, ಬೀಚಿನಿಂದ, ಒಟ್ಟು ಎಷ್ಟು ಕಿಲೋಮೀಟರ್ ಎಂಬುದರಿಂದ. ಘಟ್ಟ ಎಲ್ಲಿ ಬರಬೇಕೆಂದು ತೀರ್ಮಾನಿಸುವ ಕೆಲಸ ಮೊಬೈಲಿನ ನಕ್ಷೆಯ ಪಾಲಿಗೆ.

ಇದು ತಲೆಕೆಳಗಾದ ಲೆಕ್ಕ. ಯಾವ ಘಟ್ಟ ಇಳಿಯುವುದು, ಯಾವ ಘಟ್ಟ ಹತ್ತುವುದು, ಯಾವ ಹೊತ್ತಿನಲ್ಲಿ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಊಟ, ವಸತಿ, ದಿನಗಳ ಸಂಖ್ಯೆ ಎಲ್ಲವೂ ತಾವಾಗಿ ಕೂಡಿಬರುತ್ತವೆ. ಇಳಿದ ದಾರಿಯಲ್ಲೇ ಹತ್ತಿ ಬರುವುದು ಪೆಟ್ರೋಲ್ ದಂಡ. ನಕ್ಷೆ ಹೇಳುವ ಗಂಟೆಯನ್ನೂ ಪೂರ್ತಿ ನಂಬುವಂತಿಲ್ಲ. ಬಯಲುಸೀಮೆಯ ನಾಲ್ಕು ಪಥದ ಹೆದ್ದಾರಿಯಲ್ಲಿ ದಿನಕ್ಕೆ 400 ಕಿ.ಮೀ. ಓಡಿಸುವವರಿಗೂ ಮಲೆನಾಡಿನಲ್ಲಿ 200 ಸಾಕು. ಟೀ, ಫೋಟೊ, ಎದುರು ಬರುವ ಬಸ್ಸು, ಅಡ್ಡ ನಿಂತ ದನ ಎಲ್ಲ ಸೇರಿದರೆ ಸರಾಸರಿ ಗಂಟೆಗೆ 30-35 ಕಿ.ಮೀ. ಮೀರುವುದು ಕಷ್ಟ.

ಆಗುಂಬೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನಿಂದ ಹಾಸನ, ಬೇಲೂರು ಹಾದು ಚಿಕ್ಕಮಗಳೂರಿಗೆ ಸುಮಾರು 245 ಕಿ.ಮೀ., ಅದು ಮೊದಲ ದಿನ. ಮರುದಿನ ಬಾಳೆಹೊನ್ನೂರು, ಶೃಂಗೇರಿ ಮೇಲೆ ಆಗುಂಬೆಗೆ 120ರ ಆಸುಪಾಸು. ದೂರ ಕಡಿಮೆ ಎಂದು ಹಲವರು ಇದಕ್ಕೆ ಮುಳ್ಳಯ್ಯನಗಿರಿಯನ್ನೂ ಸೇರಿಸುತ್ತಾರೆ. ರಾಜ್ಯದ ಅತಿ ಎತ್ತರದ ಶಿಖರ, ನೋಡಲೇಬೇಕಾದದ್ದು ನಿಜ. ಆದರೆ ಅಲ್ಲಿಗೆ ಈಗ ಆನ್‌ಲೈನ್‌ನಲ್ಲಿ ಮುಂಗಡ ನೋಂದಣಿ ಬೇಕು, ವಾರಾಂತ್ಯದಲ್ಲಿ ಕಾರುಗಳ ಸಾಲು ಬೇರೆ. ಅದನ್ನು ಮುಗಿಸಿ ಹೊರಡುವ ಹೊತ್ತಿಗೆ ಮಧ್ಯಾಹ್ನ. ಆಗುಂಬೆ ಮುಟ್ಟುವಾಗ ಸೂರ್ಯಾಸ್ತಕ್ಕೆ ಜನ ಸೇರಿರುತ್ತಾರೆ. ಮೋಡವಿಲ್ಲದ ಸಂಜೆ ಅರಬ್ಬಿ ಸಮುದ್ರದ ಗೆರೆ ಕಾಣುತ್ತದೆ, ಸೂರ್ಯ ಅಲ್ಲೇ ಇಳಿಯುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಪ್ರವಾಸ ಕೆಡುವುದು ಅದರ ಮರುಗಳಿಗೆಯಲ್ಲಿ. ಉಡುಪಿಯಲ್ಲಿ ರೂಮು ಕಾದಿರಿಸಿದವರು ಕತ್ತಲಲ್ಲಿ ಆ 14 ಹೇರ್‌ಪಿನ್ ತಿರುವು ಇಳಿಯಲೇಬೇಕು. ದಾರಿ ಇಕ್ಕಟ್ಟು. ತಿರುವಿನಲ್ಲಿ ಮಿನಿ ಬಸ್ಸಿಗೆ ರಸ್ತೆಯ ಪೂರ್ತಿ ಅಗಲ ಬೇಕು, ಕಾರುಗಳ ಹೈಬೀಮ್ ನೇರ ಕಣ್ಣಿಗೆ.

ಸೂರ್ಯಾಸ್ತ ನೋಡಿ ಅಲ್ಲೇ ಮಲಗಬೇಕು. ಶಂಕರನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಊರಿನಲ್ಲಿ ಒಂದು ರಾತ್ರಿ ಕಳೆದರೆ ನಷ್ಟವೇನಿಲ್ಲ. ಬೆಳಿಗ್ಗೆ ಮಂಜು ಕರಗಿ ರಸ್ತೆ ಒಣಗಿದ ಮೇಲೆ, ಎಂಟೂವರೆ ಒಂಬತ್ತಕ್ಕೆ, ಬಿಸಿಲು ಬೆನ್ನಿಗೆ ಬೀಳುವಾಗ ಇಳಿದರೆ ಸೋಮೇಶ್ವರ, ಹೆಬ್ರಿ ಹಾದು ಉಡುಪಿಗೆ 55 ಕಿ.ಮೀ. ದೂರ. ಊಟದ ಹೊತ್ತಿಗೆ ಮಲ್ಪೆ ಕಡಲು.

ಇಳಿಜಾರಿನ ಪಾಠವನ್ನು ಲಾರಿ ಚಾಲಕರಿಂದಲೇ ಕಲಿಯಬೇಕು: ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕಿ ಜಾರಿಸುವ ಚಾಳಿ ಘಟ್ಟದಲ್ಲಿ ಸಾವಿನ ಆಟ. ಎಂಜಿನ್ ಹಿಡಿಯಬೇಕಾದ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಬ್ರೇಕ್ ಕಾಯುತ್ತದೆ. ಡಿಸ್ಕ್ ಬ್ರೇಕಿನ ಎಣ್ಣೆ ವರ್ಷ ಕಳೆದಂತೆ ಗಾಳಿಯ ತೇವ ಹೀರಿಕೊಂಡಿರುತ್ತದೆ; ಕಾದಾಗ ಆ ನೀರು ಆವಿಯಾಗಿ, ಲಿವರ್ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆಯೇ ಹೊರತು ಚಕ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಎಂದು ಮೆಕ್ಯಾನಿಕ್ ಹೇಳುವುದು ಸುಮ್ಮನೆ ಬಿಲ್ ಏರಿಸಲಿಕ್ಕಲ್ಲ.

ಹಳೆಯ ಯೆಜ್ದಿ ಪ್ರಿಯರಿಗೆ ಇಲ್ಲೊಂದು ಬೇರೆಯೇ ಎಚ್ಚರಿಕೆ ಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿ ಹುಟ್ಟಿದ ಗಾಡಿಗಳು ಇಂದಿಗೂ ಹೊಗೆ ಬಿಡುತ್ತ ಘಟ್ಟ ಹತ್ತುತ್ತವೆ, ಅವುಗಳ ಸದ್ದಿಗೆ ಮನಸೋಲದ ಮೈಸೂರಿಗರಿಲ್ಲ. ಅವು ಟೂ ಸ್ಟ್ರೋಕ್ ಎಂಜಿನ್‌ಗಳು; ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಸಿಲಿಂಡರಿನ ಜಾರುಮದ್ದು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಬಹಳ ಹೊತ್ತು ಇಳಿದರೆ ಪೆಟ್ರೋಲಿನ ಜೊತೆ ಎಣ್ಣೆಯೂ ಒಳಗೆ ಹೋಗದೆ ಪಿಸ್ಟನ್ ಕಚ್ಚಿಕೊಳ್ಳುವ ಅಪಾಯವಿದೆ. ಹಾಗಾಗಿ ಅನುಭವಿಗಳು ನಡುನಡುವೆ ಕ್ಲಚ್ ಹಿಡಿದು ಆಕ್ಸಿಲರೇಟರ್ ಒಮ್ಮೆ ತಿರುಗಿಸುತ್ತಾರೆ. ಎಂಜಿನ್ನಿನ ಹಿಡಿತವೂ ಅವುಗಳಲ್ಲಿ ಕಡಿಮೆ. ಯೆಜ್ದಿಯಲ್ಲಿ ಆಗುಂಬೆ ಇಳಿಯುವವರು ತಮ್ಮ ಬ್ರೇಕ್ ಲೈನರ್ ಬಗ್ಗೆ ಎರಡು ಪಟ್ಟು ಯೋಚಿಸಲಿ.

ಕಿರಿದಾದ ಬೆಟ್ಟದ ದಾರಿಯಲ್ಲಿ ಇಳಿಯುವ ವಾಹನವೇ ನಿಂತು, ಹತ್ತುವ ವಾಹನಕ್ಕೆ ಮೊದಲು ದಾರಿ ಬಿಡಬೇಕೆಂಬುದು ದೇಶದ ರಸ್ತೆ ನಿಯಮ. ಲೈಸೆನ್ಸ್ ಇದ್ದವರಲ್ಲಿ ಇದು ಗೊತ್ತಿರುವವರು ಎಷ್ಟು ಜನವೋ! ಇನ್ನು ಮೀನಿನ ಲಾರಿ. ಅದರಿಂದ ಸೋರುವ ನೀರು ಬಿದ್ದ ತಿರುವು, ಮಳೆ ಬಿದ್ದ ತಿರುವಿಗಿಂತ ಜಾರು. ರಸ್ತೆಯ ಮೇಲೆ ಒದ್ದೆ ಗೆರೆ ಕಂಡರೆ ಮುಂದೆ ಎಲ್ಲೋ ಲಾರಿ ಇದೆ ಎಂದೇ ತಿಳಿದು ವೇಗ ತಗ್ಗಿಸಬೇಕು.

ಕರಾವಳಿಯಲ್ಲಿ ಯೋಜನೆಗೆ ಕೆಲಸ ಕಡಿಮೆ. ಹಿಂದೆ 17 ಎಂದು ಕರೆಯುತ್ತಿದ್ದ ರಾಷ್ಟ್ರೀಯ ಹೆದ್ದಾರಿ ಈಗ 66. ಅದನ್ನು ಹಿಡಿದರೆ ಉತ್ತರಕ್ಕೆ ಒಂದೇ ಓಟ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ಇರುವ ಮರವಂತೆಯಲ್ಲಿ ಎಲ್ಲರೂ ನಿಲ್ಲುತ್ತಾರೆ. ನಿಲ್ಲಿಸುವವರು ಗಾಡಿಯನ್ನು ಹೆದ್ದಾರಿಯಿಂದ ಪೂರ್ತಿ ಕೆಳಗಿಳಿಸಲಿ. ಉಡುಪಿಯಿಂದ ಗೋಕರ್ಣಕ್ಕೆ ಸುಮಾರು 180 ಕಿ.ಮೀ. ಇದನ್ನು ಅರ್ಧ ದಿನದಲ್ಲಿ ಮುಗಿಸುವ ಆಸೆ ಸಹಜ, ಆದರೆ ಮೂರು ದಿನ ತಂಪು ಉಂಡ ಮೈಗೆ ಕರಾವಳಿಯ ಧಗೆ ಜಾಕೆಟ್ಟಿನೊಳಗೆ ಇಳಿದಾಗ ತಲೆ ಸುತ್ತುತ್ತದೆ. ಬೆಳಿಗ್ಗೆ ಹನ್ನೊಂದರೊಳಗೆ ಮತ್ತು ಸಂಜೆ ನಾಲ್ಕರ ಮೇಲೆ ಓಡಿಸಿ, ನಡುವೆ ಬನ್ಸ್ ತಿಂದು ಪುನರ್ಪುಳಿ ಶರಬತ್ತು ಕುಡಿದು ಮಲಗುವುದು ಜಾಣತನ. ಮೀನೂಟಕ್ಕೆಂದೇ ಹೋಗುವವರು ನೆನಪಿಡಬೇಕಾದದ್ದು ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಆಗ ತಟ್ಟೆಗೆ ಬರುವುದು ಬಹುಪಾಲು ಐಸಿನ ಮೀನು. ಬೀಚಿನ ಮರಳಿಗೆ ಬೈಕ್ ಇಳಿಸಿ ವಿಡಿಯೊ ಮಾಡುವವರಿಗೆ ಹೇಳುವುದು ಇಷ್ಟೇ: ಅದೇ ಸಂಜೆ ಸಿಹಿನೀರಿನಲ್ಲಿ ಗಾಡಿ ತೊಳೆದು ಚೈನಿಗೆ ಎಣ್ಣೆ ಬಿಡದಿದ್ದರೆ ಉಪ್ಪು ತನ್ನ ಕೆಲಸ ಶುರುಮಾಡುತ್ತದೆ.

ಹತ್ತುವ ಘಟ್ಟದ ಆಯ್ಕೆ ಇತ್ತೀಚೆಗೆ ಬದಲಾಗಿದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ತುಮರಿ, ಸಿಗಂದೂರು ಕಡೆಯ ಊರುಗಳನ್ನು ಸಾಗರದಿಂದ ಬೇರ್ಪಡಿಸಿತ್ತು. ಕೊಲ್ಲೂರಿನಿಂದ ನಾಗೋಡಿ ಮೇಲೆ ಬರುವ ಸವಾರರು ಲಾಂಚ್‌ಗಾಗಿ ಸಾಲಿನಲ್ಲಿ ಕಾಯಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ದೊಡ್ಡ ಸುತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಕೇಬಲ್ ಸೇತುವೆ ಸಂಚಾರಕ್ಕೆ ತೆರೆಯಿತು. ಲಾಂಚಿನಲ್ಲಿ ಬೈಕಿಗೆ ಒರಗಿ ನಿಂತು ನೀರು ನೋಡುವ ಸುಖ ಹೋಯಿತೆಂದು ಪ್ರವಾಸಿಗರು ಕೊರಗಬಹುದು. ಆಸ್ಪತ್ರೆಗೆ ಹೋಗಲೂ ಲಾಂಚಿಗೆ ಕಾಯುತ್ತಿದ್ದ ಶರಾವತಿ ಹಿನ್ನೀರಿನ ಜನರೆದುರು ಆ ಕೊರಗು ತೋರಿಸದಿರುವುದು ಒಳ್ಳೆಯದು.

ಪ್ರತಿ ಘಟ್ಟಕ್ಕೂ ಬದಲಿ ಘಟ್ಟವೊಂದು ಕಿಸೆಯಲ್ಲಿರಬೇಕು. ಕಾಂಕ್ರೀಟು ಕಾಮಗಾರಿಗೆಂದು ಶಿರಾಡಿ 2015ರಲ್ಲಿ, ಮತ್ತೆ 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿತ್ತು. 2018ರ ಆಗಸ್ಟ್‌ನಲ್ಲಿ ಸಂಪಾಜೆ ಕಡೆ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿಯಿತು. ಅಪಾಯ ಇರುವುದು ಘಟ್ಟದಲ್ಲಷ್ಟೇ ಎಂದುಕೊಂಡಿದ್ದವರಿಗೆ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಕರಾವಳಿ ಹೆದ್ದಾರಿಯ ಮೇಲೇ ಗುಡ್ಡ ಜರಿದು ಜೀವಗಳು ಹೋದದ್ದೇ ಉತ್ತರ. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಮಳೆಗಾಲದ ಸವಾರಿಗೆ ತನ್ನದೇ ಮೋಹವಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ರೂಮಿನ ಮುಂಗಡ ಹೋಗುತ್ತದೆಂದು ಹೊರಡುವವರದ್ದು ಮೋಹವಲ್ಲ, ಹಟ. ಆಗುಂಬೆ ಮುಚ್ಚಿದರೆ ಬಾಳೆಬರೆ ಅಥವಾ ಕುದುರೆಮುಖದ ದಾರಿ, ದೇವಿಮನೆ ಮುಚ್ಚಿದರೆ ದೊಡ್ಡಮನೆ ಅಥವಾ ಅರಬೈಲು ಎಂದು ಮನೆಯಲ್ಲೇ ಬರೆದಿಟ್ಟುಕೊಂಡರೆ ಅಂಥ ಗಳಿಗೆಯಲ್ಲಿ ಗುಂಪಿನೊಳಗೆ ಜಗಳವಾಗುವುದಿಲ್ಲ. ಅಕ್ಟೋಬರ್ ನಡುವಿನಿಂದ ಜನವರಿ ಕೊನೆಯವರೆಗಿನ ಕಾಲ ಎಲ್ಲಕ್ಕಿಂತ ಹಿತ, ಡಿಸೆಂಬರಿನ ಕೊನೆಯ ವಾರವೊಂದನ್ನು ಬಿಟ್ಟು.

ಬೈಕ್ ಯಾವುದು ಎಂಬ ಚರ್ಚೆ ಹೊರಡುವ ಮುನ್ನ ವಾರಗಟ್ಟಲೆ ನಡೆಯುತ್ತದೆ, ಅದಕ್ಕೆ ಅಷ್ಟು ಬೆಲೆಯಿಲ್ಲ. ಹಿಮಾಲಯನ್ 450ಕ್ಕೆ 17 ಲೀಟರಿನ ಟ್ಯಾಂಕ್, ಸ್ಪ್ಲೆಂಡರ್‌ಗೆ ಹತ್ತಕ್ಕೂ ಚೂರು ಕಡಿಮೆ. ಆದರೂ ಲೀಟರಿಗೆ 60 ಕಿ.ಮೀ. ಓಡುವ ಸ್ಪ್ಲೆಂಡರೇ ಒಂದು ಟ್ಯಾಂಕಿನಲ್ಲಿ ಹೆಚ್ಚು ದೂರ ಹೋದೀತು. ಟ್ಯೂಬ್ ಇರುವ ಸ್ಪೋಕ್ ಚಕ್ರದ ಗಾಡಿಯಾದರೆ ಪಂಕ್ಚರ್ ಹಾಕಲು ಚಕ್ರ ಬಿಚ್ಚಬೇಕಾಗುತ್ತದೆ. ಬಿಡಿ ಟ್ಯೂಬು, ಕ್ಲಚ್ ಕೇಬಲ್ಲು, ಸ್ಪ್ಯಾನರು ಜೊತೆಯಲ್ಲಿರಲಿ. ಐಎಸ್ಐ ಗುರುತಿನ ಹೆಲ್ಮೆಟ್ ಹಿಂಬದಿ ಸವಾರರಿಗೂ ಬೇಕು; ರಾಜ್ಯದಲ್ಲಿ 2016ರಿಂದಲೇ ಅದು ಕಡ್ಡಾಯ.

ಮೊದಲ ಸಲ ಹೊರಡುವವರಿಗೆ ಈ ಅಂಕಣದ ಶಿಫಾರಸು ಆಗುಂಬೆ ಇಳಿದು ಗೇರುಸೊಪ್ಪೆ ಹತ್ತುವ ಜೋಡಿ. ಗೋಕರ್ಣ ಈ ಸಲ ಬೇಡ, ಮುರುಡೇಶ್ವರದಲ್ಲಿ ಉಳಿದು ಹೊನ್ನಾವರದಿಂದ ಬಲಕ್ಕೆ ತಿರುಗಿದರೆ ಸಾಕು. ಶರಾವತಿ ಕಣಿವೆಯ ಕಾಡಿನ ದಾರಿ, ಅದೃಷ್ಟವಿದ್ದರೆ ಸಿಂಗಳೀಕ, ಮಧ್ಯಾಹ್ನಕ್ಕೆ ಜೋಗ. ಹಗಲು ಹತ್ತಲು ಸಲೀಸಾದ ಘಟ್ಟ, ಮೇಲೆ ಸಾಗರ, ಶಿವಮೊಗ್ಗ, ತುಮಕೂರಿನ ನೇರ ದಾರಿ ಮನೆಯವರೆಗೆ. ನವೆಂಬರ್ ಕಳೆದರೆ ಜೋಗದಲ್ಲಿ ನೀರು ತೀರಾ ತೆಳುವಾಗಿರುತ್ತದೆ ಎಂಬ ದೂರು ಬರುವುದು ಖಚಿತ. ಜಲಪಾತವನ್ನೇ ನೋಡಬೇಕೆನ್ನುವವರು ಆಗಸ್ಟ್‌ನಲ್ಲಿ ಹೋಗಲಿ, ಬಸ್ಸಿನಲ್ಲಿ.