ಸಾಕ್ಷ್ಯಚಿತ್ರಕಾರರ ಸ್ವಾತಂತ್ರ್ಯವಿಚಾರ

ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲಿ ನವರಾತ್ರಿಯ ಕಾಲಕ್ಕೆ ಮಾಲತೇಶನ ಗೊರವಯ್ಯನು ಉಪವಾಸವ್ರತದಲ್ಲಿದ್ದು, ಬಿಲ್ಲನ್ನೇರಿ, 'ಸದ್ದಲೇ' ಎಂದು ಕೂಗಿ ನೆರೆದ ಜನವನ್ನು ಸುಮ್ಮನಾಗಿಸಿ ಕಾರ್ಣಿಕವನ್ನು ನುಡಿಯುವನು. ನುಡಿ ಒಂದೇ ವಾಕ್ಯ. ಅದನ್ನು ಹಿಡಿಯಲು ಈಗ ಕ್ಯಾಮೆರಾಗಳೂ ಮೊಬೈಲುಗಳೂ ಗುಡ್ಡವನ್ನೇರುತ್ತವೆ. ಹೆಚ್ಚಿನವು ಅಂದೇ ಇಳಿದುಹೋಗುತ್ತವೆ. ವ್ರತದ ದಿನಗಳನ್ನು ಕಾಣದೆ ವಾಕ್ಯವನ್ನು ಮಾತ್ರ ಕಂಡ ಚಿತ್ರಕ್ಕೆ ಸಾಕ್ಷ್ಯವೆಂಬ ಹೆಸರು ಸಲ್ಲುವುದೆ? ಸಾಕ್ಷಾತ್ತಾಗಿ ನೋಡಿದವನೆಂಬ ಅರ್ಥದಲ್ಲಿ ಪಾಣಿನಿಯು ಸಾಕ್ಷಿಶಬ್ದವನ್ನು ಸಾಧಿಸಿದ್ದಾನೆ. ನೋಡುವುದಕ್ಕೆ ಕಾಲ ಬೇಕು. ಆ ಕಾಲದ ವೆಚ್ಚವನ್ನು ಹೊರುವವರಾರು ಎಂಬುದೇ ಸ್ವತಂತ್ರ ಸಾಕ್ಷ್ಯಚಿತ್ರಕಾರರ ವೃತ್ತಿಜೀವನದ ಮೊದಲ ಪ್ರಶ್ನೆ.

ಮಮ್ಮಟನು ಉಪದೇಶವನ್ನು ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತವೆಂದು ವಿಂಗಡಿಸಿದುದು ವಿದಿತವಷ್ಟೆ. 1948ರಲ್ಲಿ ಸ್ಥಾಪಿತವಾಗಿ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾದ ಫಿಲ್ಮ್ಸ್ ಡಿವಿಜನ್ನಿನ ಕಿರುಚಿತ್ರಗಳಲ್ಲಿ ಬಹುಭಾಗವು ಪ್ರಭುಸಂಮಿತವೇ. ಚಿತ್ರಮಂದಿರಗಳು ಅವನ್ನು ತೋರಿಸಲೇಬೇಕೆಂಬ ಕಟ್ಟಳೆಯಿದ್ದುದರಿಂದ, ಕತೆಯ ಚಿತ್ರಕ್ಕೆ ಟಿಕೀಟು ಕೊಂಡವನು ಸರಕಾರದ ಮಾತನ್ನೂ ಕೇಳಬೇಕಾಗಿತ್ತು. ಹಾಗೆಂದು ಪ್ರಭುವಿನ ಆಶ್ರಯವೆಲ್ಲ ದೋಷವೆನ್ನುವುದು ಅವಿಚಾರ. ದೇವರಗುಡ್ಡಕ್ಕೆ ನೆರೆಯ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ಹಾಡಿದ ಕನಕದಾಸರನ್ನೂ ಪುರಂದರದಾಸರನ್ನೂ ಕುರಿತು ಗಿರೀಶ ಕಾರ್ನಾಡರು ಮಾಡಿದ 'ಕನಕ ಪುರಂದರ' (1988) ಅದೇ ಸಂಸ್ಥೆಯ ಚಿತ್ರ, ರಾಷ್ಟ್ರಪ್ರಶಸ್ತಿಗೂ ಪಾತ್ರವಾಯಿತು. ಆದರೆ ಕಾರ್ನಾಡರಿಗೆ ನಾಟಕವಿತ್ತು, ನಟನೆಯಿತ್ತು. ಸಾಕ್ಷ್ಯಚಿತ್ರವೊಂದನ್ನೇ ನೆಚ್ಚಿದವರ ಪಾಡು ಬೇರೆ.

ಬೆಂಗಳೂರಿನ ದೀಪಾ ಧನರಾಜರು ಅಂತಹವರು. 1980ರಲ್ಲಿ ಅವರೂ ಆಭಾ ಭೈಯಾ, ಮೀರಾ ರಾವ್, ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಇವರೂ ಕೂಡಿ 'ಯುಗಾಂತರ'ವೆಂಬ ಬಳಗವನ್ನು ಕಟ್ಟಿದರು. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ತಂಬಾಕಿನ ಕಾರಖಾನೆಗಳ ಹೆಂಗಸರು ಸಂಘಟಿತರಾಗಿ ಮುಷ್ಕರ ಹೂಡಿದ ವೃತ್ತಾಂತವನ್ನು 1982ರಲ್ಲಿ ಚಿತ್ರವಾಗಿಸಿದರು. ಹೆಸರು ಮರಾಠಿಯದು: 'ತಂಬಾಕು ಚಾಕಿಲಾ ಊಬ್ ಆಲಿ'. ಚಿತ್ರದ ಅವಧಿ ಅರ್ಧ ಗಂಟೆಗೂ ಕಡಮೆ. ಅದಕ್ಕಾಗಿ ಬಳಗವು ಆ ಹೆಂಗಸರೊಡನೆ ನಾಲ್ಕು ತಿಂಗಳು ಕಳೆಯಿತು. ಮುಂಚೆ ಹೊರಗಿನವರು ಕಾಣದಿದ್ದ ಕಾರಖಾನೆಯ ಒಳಗು ಅಲ್ಲಿ ಕಾಣುತ್ತದೆ. ಏನನ್ನು ತೋರಿಸತಕ್ಕದ್ದೆಂಬ ವಿಚಾರದಲ್ಲಿಯೂ ಕೂಲಿಯ ಹೆಂಗಸರು ಪಾಲುಗೊಂಡರು. ಇದು ಸುಹೃತ್ಸಂಮಿತ, ಆಜ್ಞೆಯಿಲ್ಲ, ಜೊತೆಗಿದ್ದು ಹೇಳುವುದುಂಟು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಆಪ್ತರೂ ಸಹಾಯಕರೂ ಸಾಕ್ಷಿಗಳಾಗಲು ಯೋಗ್ಯರಲ್ಲವೆಂದು ಮನುಸ್ಮೃತಿಯು ವಿಧಿಸುತ್ತದೆ. ಗೆಳೆತನವೇ ಬಂಡವಾಳವಾದ ಚಿತ್ರ ಸಾಕ್ಷ್ಯವಾಗುವುದೆಂತು? ಆಕ್ಷೇಪ ಹಗುರವಾದುದಲ್ಲ, ಮಾಲಿಕರ ಪಕ್ಷವನ್ನು ಅರಿಯಬಯಸುವ ಇತಿಹಾಸಕಾರನು ಬೇರೆಡೆಗೂ ಹೋಗಬೇಕಾದೀತು. ಆದರೆ ಸ್ತ್ರೀಯರ ವಿಷಯದಲ್ಲಿ ಸ್ತ್ರೀಯರೇ ಸಾಕ್ಷಿ ನುಡಿಯತಕ್ಕದ್ದೆಂದು ಹೇಳಿದುದೂ ಅದೇ ಸ್ಮೃತಿ. ನಿಪ್ಪಾಣಿಯ ಚಿತ್ರದಲ್ಲಿ ಸಾಕ್ಷಿಗಳು ಆ ಹೆಂಗಸರು. ಚಿತ್ರಕಾರರು ಆ ಸಾಕ್ಷ್ಯದ ಲೇಖಕರು. ಲೇಖಕನಿಗೆ ಗೆಳೆತನ ದೋಷವಲ್ಲ, ತಪ್ಪು ಬರೆಯುವುದು ದೋಷ.

ಗೆಳೆಯನಿಗೆ ಸಂಬಳವಿಲ್ಲವೆಂಬುದು ಮಾತ್ರ ಉಳಿಯುತ್ತದೆ. ಯುಗಾಂತರದ ಚಿತ್ರಗಳು ನಾಲ್ಕಕ್ಕೆ ನಿಂತವು. ಮುಂದೆ ಧನರಾಜರು ಹೈದರಾಬಾದಿನ ಕೋಮುಗಲಭೆಯನ್ನು ಕುರಿತು 1986ರಲ್ಲಿಯೂ, ಕುಟುಂಬಯೋಜನೆಯನ್ನು ಕುರಿತು 1991ರಲ್ಲಿಯೂ, ತಮಿಳುನಾಡಿನ ಮುಸ್ಲಿಂ ಮಹಿಳೆಯರ ಜಮಾತನ್ನು ಕುರಿತು 2011ರಲ್ಲಿಯೂ ಗಣ್ಯ ಚಿತ್ರಗಳನ್ನಿತ್ತರು. ಈ ವರ್ಷಗಳ ನಡುವಣ ದೂರವೇ ಆ ವೃತ್ತಿಯ ಲೆಕ್ಕಪತ್ರ. ಕಡ್ಡಾಯ ಪ್ರದರ್ಶನದ ಭಾಗ್ಯ ಇಂತಹ ಚಿತ್ರಗಳಿಗಿರಲಿಲ್ಲ. ಸಂಘಗಳ ಸಭೆಗಳೇ ಅವುಗಳ ಚಿತ್ರಮಂದಿರ. ನಿಪ್ಪಾಣಿಯ ಚಿತ್ರವು ದಶಕಗಳ ಮೇಲೆ ಜೀರ್ಣೋದ್ಧಾರಗೊಂಡುದು ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆಯಲ್ಲಿ. ಓಲೆಗರಿಯ ಪ್ರತಿಗಳಿಗಾಗಿ ಊರೂರು ಅಲೆದ ಕನ್ನಡ ವಿದ್ವತ್ಸಂಸ್ಥೆಗಳಿಗೆ ಈ ಕೆಲಸ ಅಪರಿಚಿತವಾದುದೇನಲ್ಲ.