ಸಾತಬಾರಾ ಉತಾರೆ: ಹೊಸ ಕಾಲಂಗಳ ವ್ಯಾಖ್ಯಾನ

‘ಗಾಂವ ನಮೂನಾ ಸಾತ, ಗಾಂವ ನಮೂನಾ ಬಾರಾ.’ ತಲಾಠಿಯ, ಅಂದರೆ ಗ್ರಾಮಲೆಕ್ಕಿಗನ, ದಫ್ತರದಲ್ಲಿರುವ 21 ಗ್ರಾಮ ನಮೂನೆಗಳಲ್ಲಿ ಏಳನೆಯದು ಅಧಿಕಾರ ಅಭಿಲೇಖ, ಅರ್ಥಾತ್ ನೆಲದ ಮೇಲೆ ಯಾರಿಗೆ ಯಾವ ಹಕ್ಕು ಎಂಬುದರ ದಾಖಲೆ. ಹನ್ನೆರಡನೆಯದು ಪೀಕ ನೋಂದವಹಿ, ಅರ್ಥಾತ್ ಆ ನೆಲ ಏನು ಬೆಳೆಯಿತೆಂಬುದರ ಲೆಕ್ಕ. ಎರಡೂ ಕೂಡಿ ಒಂದು ಉತಾರೆ. ಕರ್ನಾಟಕದ ಸಂಕೇಶ್ವರದ ರೈತನಿಗೆ ಪಹಣಿ ಹೇಗೋ ಮಹಾರಾಷ್ಟ್ರದ ಗಡಹಿಂಗ್ಲಜದ ರೈತನಿಗೆ ಇದು ಹಾಗೆ. 2020ರಲ್ಲಿ ಮಹಾರಾಷ್ಟ್ರ ಸರ್ಕಾರ ಇದರ ಕಾಲಂಗಳನ್ನು ಮರುಜೋಡಿಸಿತು. ಕಾಲಂ ಎಂದರೆ ಕಂಪ್ಯೂಟರ್ ಬಲ್ಲವರು ಫೀಲ್ಡ್ ಎನ್ನುವುದೇ: ಒಂದು ಸಂಗತಿಗೆ ಗೊತ್ತುಮಾಡಿದ ಒಂದು ಮನೆ.

‘ಗಾಂವ.’ ಊರ ಹೆಸರಿನ ಬಳಿ ಈಗ ಊರಿನ ಸಂಕೇತಾಂಕವೂ ಇರುತ್ತದೆ. ಹೆಸರಿದ್ದ ಮೇಲೆ ಅಂಕಿ ಏಕೆ ಎಂದು ಶಂಕೆ. ಒಂದೇ ಹೆಸರಿನ ಊರುಗಳು ಹಲವಿರಬಹುದು, ಒಂದೇ ಊರನ್ನು ಹಲವು ಬಗೆಯಾಗಿ ಬರೆಯುವುದೂ ಉಂಟು. ಅಂಕಿ ಮಾತ್ರ ಬದಲಾಗದು ಎಂಬುದು ಸಮಾಧಾನ.

‘ಕ್ಷೇತ್ರ.’ ಎಂದರೆ ವಿಸ್ತೀರ್ಣ. ಸಾಗುವಳಿಗೆ ಯೋಗ್ಯವಾದದ್ದು ಬೇರೆ, ಪೋಟಖರಾಬಾ, ಅಂದರೆ ಹಿಡುವಳಿಯ ಒಳಗೇ ಇದ್ದು ಉಳಲು ಬಾರದ ಭಾಗ, ಬೇರೆ. ಎರಡನ್ನೂ ಬಿಡಿಯಾಗಿ ಕಾಣಿಸಿ ಕೆಳಗೆ ಮೊತ್ತವನ್ನು ಕೊಡುವುದು ಹೊಸ ಕ್ರಮ. ಅಳತೆ ಹೆಕ್ಟೇರ್, ಆರ್, ಚದರ ಮೀಟರ್. ಎಕರೆ-ಗುಂಟೆಯಲ್ಲಿ ಎಣಿಸುವ ಕನ್ನಡ ಮನೆಗಳ ಒಂದು ಎಕರೆ ಇಲ್ಲಿ 0.40.47 ಎಂದಾಗುತ್ತದೆ: ಹೆಕ್ಟೇರು ಸೊನ್ನೆ, ಆರ್ ನಲವತ್ತು, ಚದರ ಮೀಟರು ನಲವತ್ತೇಳು. ಗುಂಟೆಗೂ ಆರಿಗೂ ಅಂತರ ಅತ್ಯಲ್ಪವಾದುದರಿಂದ ಕಣ್ಣಳತೆಗೆ ಇವು ಒಂದೇ ಎಂದು ತೋರುತ್ತವೆ. ಖರೀದಿಪತ್ರದಲ್ಲಿ ಹಾಗೆಂದು ನಂಬಲಾಗದು.

‘ಭೋಗವಟಾದಾರ.’ ನೆಲವನ್ನು ಅನುಭೋಗದಲ್ಲಿ ಹೊಂದಿರುವವನು. ವರ್ಗ 1 ಆದರೆ ಮಾರಾಟಕ್ಕೆ ಸಾಮಾನ್ಯವಾಗಿ ತಡೆಯಿಲ್ಲ. ವರ್ಗ 2 ಆದರೆ ಸರ್ಕಾರದ ಅನುಮತಿ ಬೇಕು. ಇಬ್ಬರು ಖಾತೆದಾರರ ನಡುವೆ ಈಗ ಚುಕ್ಕಿಗೆರೆ ಎಳೆದಿದೆ. ಅಣ್ಣತಮ್ಮಂದಿರ ಹೆಸರುಗಳು ಒಂದರ ಕೆಳಗೊಂದು ಒತ್ತೊತ್ತಾಗಿ ಬಂದಾಗ ಯಾರ ಪಾಲು ಎಲ್ಲಿ ಮುಗಿಯಿತೆಂದು ತಿಳಿಯದೆ ಹೋಗುತ್ತಿತ್ತು. ಆ ಗೊಂದಲಕ್ಕೆ ಈ ಗೆರೆ ಸಾಕಾಗಿದೆ. ಗತಿಸಿದ ಖಾತೆದಾರನ ಹೆಸರೂ ತೀರಿದ ಸಾಲದ ನೋಂದೂ ಮೊದಲು ಕಂಸದೊಳಗೆ ನಿಲ್ಲುತ್ತಿದ್ದವು. ಓದುವವನು ಕಂಸವನ್ನು ಗಮನಿಸದಿದ್ದರೆ ತೀರಿದ ಸಾಲವೂ ಜೀವಂತ. ಈಗ ಅವುಗಳ ಮೇಲೆ ಅಡ್ಡಗೆರೆ ಬೀಳುತ್ತದೆ: ಅಕ್ಷರ ಉಳಿಯುತ್ತದೆ, ಅಧಿಕಾರ ಉಳಿಯದು.

‘ಇತರ ಹಕ್ಕು.’ ಈ ಮರುಜೋಡಣೆಯ ಜೀವ ಇಲ್ಲಿದೆ. ‘ಇತರ’ ಎಂಬ ಹೆಸರಿನ ಮನೆಗೆ ಬಾಗಿಲಿಲ್ಲ. ಬೇರೆಲ್ಲೂ ಕೂರದ್ದೆಲ್ಲ ಅಲ್ಲಿ ಬಂದು ಕೂರುತ್ತದೆ. ವಿಕಾಸ ಸೇವಾ ಸೊಸಾಯಿಟಿಯ ಬೋಜಾ, ಅರ್ಥಾತ್ ನೆಲದ ಮೇಲಿನ ಸಾಲದ ಭಾರ, ಬಾವಿಯ ಪಾಲು, ಹಾದಿಯ ಹಕ್ಕು ಇವೆಲ್ಲ ನ್ಯಾಯವಾಗಿ ಇಲ್ಲಿಯವೇ. ಖಾತೆ ನಂಬರು ಮಾತ್ರ ಇಲ್ಲಿಯದಲ್ಲ. ಅದು ಹಕ್ಕಲ್ಲ, ಆಳಿನ ಗುರುತು. ಅದನ್ನು ಎತ್ತಿ ಖಾತೆದಾರನ ಹೆಸರಿನ ಜೊತೆಗೇ ಇರಿಸಲಾಯಿತು. ಹಳೆಯ ಫೇರಫಾರ್ ನಂಬರುಗಳಿಗೆ ಬೇರೆ ಕಾಲಂ ಕೊಟ್ಟರು; ಫೇರಫಾರ್ ಎಂದರೆ ಹಕ್ಕು ಕೈಬದಲಾದ ನೋಂದು, ಅದರ ಮೂಲ ಗ್ರಾಮ ನಮೂನೆ 6ರಲ್ಲಿದೆ. ಇನ್ನೂ ಮಂಜೂರಾಗದ ಫೇರಫಾರನ್ನು ‘ಪ್ರಲಂಬಿತ’ ಎಂದು ಪ್ರತ್ಯೇಕ ಕಾಣಿಸಿ, ಕೊನೆಯ ಫೇರಫಾರಿನ ನಂಬರು ಮತ್ತು ತಾರೀಖನ್ನು ತುದಿಯಲ್ಲಿ ಹಾಕಿದರು. ನೆಲ ಕೊಳ್ಳಬಂದವನು ಮೊದಲು ಕೇಳಬೇಕಾದ ಪ್ರಶ್ನೆಯೇ ಇದು: ಈ ಉತಾರೆ ಯಾವ ದಿನದವರೆಗೆ ನಿಜ? ಅದಕ್ಕೆ ಉತ್ತರ ಈಗ ಕಾಗದದ ಮೇಲೆಯೇ ಸಿಗುತ್ತದೆ.

‘ನಮೂನಾ ಬಾರಾ.’ ವರ್ಷ, ಹಂಗಾಮು, ಬೆಳೆ, ನೀರಿನ ಮೂಲ. ಕಬ್ಬಿಗೆ ಸಾಲ ಕೇಳುವಾಗ ನೋಡುವ ಭಾಗವಿದು. 2021ರ ಆಗಸ್ಟ್ 15ರಿಂದ ಇ-ಪೀಕ ಪಾಹಣಿ ಎಂಬ ಆ್ಯಪ್ ಮೂಲಕ ರೈತನೇ ಹೊಲದಲ್ಲಿ ನಿಂತು ಮೊಬೈಲಿನಿಂದ ಇದನ್ನು ತುಂಬುತ್ತಾನೆ.

‘ಅಕೃಷಿಕ.’ ಇಚಲಕರಂಜಿಯ ಸುತ್ತ ಹೊಲ ಹೋಗಿ ಮಗ್ಗದ ಶೆಡ್ಡು ಎದ್ದಲ್ಲಿ ಬೆಳೆಯ ಕಾಲಂ ಏನು ಹೇಳೀತು? ಅಂಥ ನೆಲಕ್ಕೆ ಹೆಕ್ಟೇರನ್ನು ಬಿಟ್ಟು ಆರ್ ಮತ್ತು ಚದರ ಮೀಟರಿನ ಅಳತೆ ಮಾತ್ರ ಹೇಳಿದೆ. ಬೆಳೆಯ ಲೆಕ್ಕವೂ ಬೇಡವಾದ ಕಾರಣ ಉತಾರೆಯ ಅಡಿಯಲ್ಲಿ, ಈ ಕ್ಷೇತ್ರ ಅಕೃಷಿಕವಾಗಿ ಪರಿವರ್ತನೆಯಾಗಿರುವುದರಿಂದ ನಮೂನೆ 12 ಬೇಕಿಲ್ಲ ಎಂಬ ಸೂಚನೆಯಿರುತ್ತದೆ. ಖಾಲಿ ಬಿಟ್ಟ ಕಾಲಂ ಬೆಳೆ ಇಲ್ಲವೆಂದೋ ಬರೆಯಲು ಮರೆತರೆಂದೋ ಓದುವವನನ್ನು ಸಂಶಯಕ್ಕೆ ದೂಡುತ್ತದೆ. ಸೂಚನೆಯಿರುವಲ್ಲಿ ಆ ಸಂಶಯಕ್ಕೆ ಎಡೆಯಿಲ್ಲ.