ಬಲೆಯ ಕಣ್ಣು, ಹುಳುವಿನ ಅಳತೆ

ತರಕಾರಿ ಮಡಿಗೆ ಪರದೆ ಹೊದಿಸಿ ಹುಳು ತಡೆಯುವ ಪದ್ಧತಿಯ ಪರ ನಾನು. ಮನೆಯವರೇ ತಿನ್ನುವ ಸೊಪ್ಪಿಗೆ ವಿಷ ಸಿಂಪಡಿಸುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಅಂಗಡಿಯಲ್ಲಿ ಪರದೆಯ ಬೆಲೆ, ಅಗಲ ನೋಡಿ ಕೊಂಡು ಬಂದು, ಹುಳು ಕಂಡ ಮೇಲೆ ಹೊದಿಸುವವರೇ ಹೆಚ್ಚು. ನೋಡಬೇಕಾದ್ದು ಬಲೆಯ ಕಣ್ಣಿನ ಅಳತೆ ಮತ್ತು ಹೊದಿಸುವ ದಿನ. ಈ ಎರಡು ತಪ್ಪಿದರೆ ಪರದೆಗೆ ಹಾಕಿದ ಹಣ ದಂಡ.

ಆಕ್ಲೆಂಡಿನ ಒನೆಹುಂಗಾದಲ್ಲಿ ಈ ಮಾತು ಇನ್ನಷ್ಟು ನಿಜ. ಮನುಕಾವು ಕೊಲ್ಲಿಯ ದಡದ ಈ ಊರಿಗೆ ಮೌಂಗಾಕಿಯೆಕಿಯೆ ಬೆಟ್ಟದ ಹಳೆಯ ಲಾವಾ ಕೊಟ್ಟ ಮಣ್ಣಿದೆ. ಚಳಿಗಾಲ ಅಷ್ಟೇನೂ ಕಟುವಲ್ಲ. ಕೋಸು ಚೆನ್ನಾಗಿ ಬರುವ ಈ ಹವೆ ಕೀಟಗಳಿಗೂ ಹಿತ. ದಕ್ಷಿಣ ದ್ವೀಪದ ಹಿಮ ಮಾಡಿಕೊಡುವ ಕೆಲಸವನ್ನು ಇಲ್ಲಿ ತೋಟದವರೇ ಮಾಡಬೇಕು.

ಮೊದಲು ಎಲೆಕೋಸಿನ ಬಿಳಿ ಚಿಟ್ಟೆ. 1930ರ ಹೊತ್ತಿಗೆ ನೇಪಿಯರ್ ಕಡೆಯಿಂದ ನ್ಯೂಜಿಲೆಂಡಿಗೆ ಕಾಲಿಟ್ಟ ಈ ಚಿಟ್ಟೆಯ ಮೇಲೆ ಅದೇ ದಶಕದಲ್ಲಿ ಪರತಂತ್ರ ಕಣಜಗಳನ್ನು ತಂದು ಬಿಟ್ಟರು. ಕಣಜಗಳು ನೆಲೆಯೂರಿದವು, ಚಿಟ್ಟೆಯೂ ಉಳಿಯಿತು. ಇದಕ್ಕೆ ಪರದೆ ನಿಜಕ್ಕೂ ಒಳ್ಳೆಯ ಉತ್ತರ. ಎಲೆಕೋಸಿಗೆ ಪರಾಗಸ್ಪರ್ಶ ಬೇಕಿಲ್ಲ, ನಾಟಿಯಿಂದ ಕೊಯ್ಲಿನವರೆಗೂ ಮುಚ್ಚಿಡಬಹುದು. ಆದರೆ ಹಕ್ಕಿಗೆಂದು ಮಾಡಿದ ದೊಡ್ಡ ಕಣ್ಣಿನ ಬಲೆಯಲ್ಲಿ ಚಿಟ್ಟೆ ರೆಕ್ಕೆ ಮಡಚಿ ಒಳಗಿಳಿಯುತ್ತದೆ. ಎಲೆ ಬಲೆಗೆ ತಾಗುತ್ತಿದ್ದರೆ ಹೊರಗೆ ಕೂತೇ ಮೊಟ್ಟೆಯಿಡುತ್ತದೆ. ಕಮಾನು ಕಟ್ಟಿ ಪರದೆಯನ್ನು ಎತ್ತಿ ನಿಲ್ಲಿಸಬೇಕೆನ್ನುವುದು ಇದಕ್ಕೇ. ಸಸಿ ಕೊಂಡು ತಂದಾಗ ಎಲೆಯ ಅಡಿ ತಿರುಗಿಸಿ ನೋಡದೆ ಮುಚ್ಚಿದರೆ, ಮೊಟ್ಟೆಯೊಡೆದು ಬರುವ ಹುಳುವಿನ ಸುತ್ತ ಕಣಜವೂ ಬಾರದ ಕೋಟೆ ಕಟ್ಟಿದಂತೆ.

ಆಲೂಗೆಡ್ಡೆಯ ಕತೆ ಹೆಚ್ಚು ಗಂಭೀರ. 2006ರಲ್ಲಿ ಆಕ್ಲೆಂಡಿನಲ್ಲಿ ಮೊದಲು ಕಂಡ ಟೊಮೆಟೊ-ಆಲೂಗೆಡ್ಡೆ ಸಿಲಿಡ್ ಎಂಬ ಪುಟ್ಟ ರಸ ಹೀರುವ ಕೀಟ ಲಿಬೆರಿಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾವನ್ನೂ ಹೊತ್ತು ತರುತ್ತದೆ. ಗಿಡ ಹಳದಿಯಾಗಿ ಮುರುಟುತ್ತದೆ, ಗೆಡ್ಡೆ ಗೋಲಿಗಾತ್ರಕ್ಕೆ ನಿಲ್ಲುತ್ತದೆ, ಹೋಳು ಎಣ್ಣೆಗೆ ಬಿದ್ದರೆ ಕಪ್ಪು ಪಟ್ಟೆ ಮೂಡುತ್ತದೆ. ದೊಡ್ಡ ಬೆಳೆಗಾರರು ಸಿಂಪರಣೆ ಹೆಚ್ಚಿಸಿದರು. ಕ್ಯಾಂಟರ್ಬರಿಯ ಲಿಂಕನ್‌ನಲ್ಲಿ ಚಾರ್ಲ್ಸ್ ಮೆರ್ಫೀಲ್ಡ್ ಮತ್ತು ಸಂಗಡಿಗರು ಮಾತ್ರ ಹೊಲದ ಆಲೂಗೆಡ್ಡೆಗೆ ಸಣ್ಣ ಕಣ್ಣಿನ ಪರದೆ ಹೊದಿಸಿ ನೋಡಿದರು. ಸಿಲಿಡ್ ಕಡಿಮೆಯಾಯಿತು. ಅಂಗಮಾರಿಯೂ ಇಳಿಯಿತು, ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ. ನನ್ನ ಕಣ್ಣಿಗೆ ಇದು ಈ ದೇಶದ ಸಾವಯವ ಕೃಷಿಯ ಅತ್ಯಂತ ಉಪಯುಕ್ತ ಕೆಲಸಗಳಲ್ಲೊಂದು. ಆದರೂ ಅಂಗಮಾರಿಯ ಲಾಭ ಆಕ್ಲೆಂಡಿನ ತೇವದಲ್ಲೂ ಅಷ್ಟೇ ಸಿಗುತ್ತದೆಂದು ನಂಬಿ ಬಿತ್ತುವುದು ಬೇಡ.

ಅದೇ ಪ್ರಯೋಗಗಳು ಪರದೆಯ ದೌರ್ಬಲ್ಯವನ್ನೂ ತೋರಿಸಿದವು: ಒಳಗೆ ಸಸ್ಯಹೇನು ಹೆಚ್ಚಿತು. ತೀರ ಸಣ್ಣ ಮರಿಗಳು ನುಸುಳುತ್ತವೆ, ಗಂಡಿನ ಹಂಗಿಲ್ಲದೆ ಸಂತಾನ ಬೆಳೆಸುತ್ತವೆ. ಅವನ್ನು ತಿನ್ನಬೇಕಾದ ಗುಲಗಂಜಿ ಹುಳು ಮಾತ್ರ ಹೊರಗೇ ಉಳಿಯುತ್ತದೆ. ಮುಚ್ಚಿದ ಮಡಿಯನ್ನು ವಾರಕ್ಕೊಮ್ಮೆಯಾದರೂ ತೆರೆದು ಎಲೆಯಡಿ ನೋಡಬೇಕು, ಹೇನು ಕಂಡರೆ ನೀರು ಚಿಮ್ಮಿಸಿ ತೊಳೆಯಬೇಕು, ಇಲ್ಲವೇ ಕೆಲವು ದಿನ ಪರದೆ ತೆಗೆದು ಗುಲಗಂಜಿ ಹುಳುವಿಗೆ ದಾರಿ ಬಿಡಬೇಕು. ಹೊದಿಸಿದರೆ ನೋಡಿಕೊಳ್ಳುವ ಕೆಲಸವಿಲ್ಲ ಎಂಬಂತೆ ಪರದೆ ಮಾರುವವರ ಮೇಲೆ ನನಗೆ ಸಿಟ್ಟಿದೆ.

ಪರದೆಯನ್ನು ಎಲ್ಲಿ, ಎಷ್ಟು ದಿನ ಬಳಸಬೇಕೆಂಬ ವಿಷಯದಲ್ಲಿ ಕರ್ನಾಟಕದ ಟೊಮೆಟೊ ಬೆಳೆಗಾರರ ಲೆಕ್ಕಾಚಾರ ನನಗೆ ಮೆಚ್ಚುಗೆ. ಬಿಳಿನೊಣ ಹರಡುವ ಎಲೆ ಮುಟುರು ರೋಗಕ್ಕೆ ಅವರು ಹೊಲವನ್ನೆಲ್ಲ ಮುಚ್ಚುವುದಿಲ್ಲ. ಸಸಿಮಡಿಯನ್ನಷ್ಟೇ 40ರಿಂದ 50 ಮೆಶ್ ನೈಲಾನ್ ಪರದೆಯೊಳಗೆ ಕಾಯುತ್ತಾರೆ. ಎಳೆಯ ಗಿಡಕ್ಕೆ ತಗುಲಿದ ರೋಗ ಬೆಳೆಯನ್ನೇ ಕೆಡಿಸುತ್ತದೆ, ಬಲಿತ ಗಿಡಕ್ಕೆ ತಗುಲಿದರೆ ನಷ್ಟ ಕಡಿಮೆ. ನಾಟಿಯ ನಂತರದ ಭಾರವನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ ರೋಗನಿರೋಧಕ ತಳಿ ಹೊರುತ್ತದೆ. ಪರದೆ ಎಲ್ಲಿಯವರೆಗೆ ಬೇಕು ಎಂಬ ಪ್ರಶ್ನೆಯನ್ನು ಅಲ್ಲಿ ಕೇಳಿಕೊಂಡಿದ್ದಾರೆ.

ಅದೇ ಪ್ರಶ್ನೆಯನ್ನು ಒನೆಹುಂಗಾದ ಹಿತ್ತಿಲಲ್ಲೂ ಕೇಳಬೇಕು. ಸೋರೆ, ಹಾಗಲ, ಸೌತೆ, ಕುಂಬಳಕ್ಕೆ ಹೂ ಬಿಟ್ಟ ಮೇಲೂ ಪರದೆ ಇದ್ದರೆ ಜೇನು ಬರುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಹೂವಿನಿಂದ ಹೂವಿಗೆ ನಾವೇ ಪರಾಗ ಮುಟ್ಟಿಸುತ್ತ ಕೂರಬೇಕು. ಅವುಗಳಿಗೆ ಪರದೆ ಎಳವೆಯಲ್ಲಷ್ಟೇ ಸಾಕು. ಚಳಿ ತಡೆಯುವ ದಟ್ಟ ಬಿಳಿ ಬಟ್ಟೆಯನ್ನು ಜನವರಿಯ ಬಿಸಿಲಲ್ಲಿ ಕೀಟದ ಪರದೆಯಾಗಿ ಬಳಸಿದರೆ ಸೊಪ್ಪು ಬೆಂದುಹೋಗುತ್ತದೆ. ಜುಲೈ-ಆಗಸ್ಟಿನಲ್ಲಿ ನೆಟ್ಟ ಆಲೂಗೆಡ್ಡೆ, ಸಿಲಿಡ್ ಮುತ್ತುವ ನಡು ಬೇಸಿಗೆಗೆ ಮುಂಚೆ, ಕ್ರಿಸ್‌ಮಸ್ ಹೊತ್ತಿಗೆ ಕಿತ್ತು ಮುಗಿಯುತ್ತದೆ. ಅದಕ್ಕೆ ಪರದೆಯ ಖರ್ಚು ಬಹುಪಾಲು ಅನವಶ್ಯ. ಇರುವ ಒಂದೇ ಒಳ್ಳೆಯ ಪರದೆಯನ್ನು ಬೇಸಿಗೆಯ ಕೋಸಿಗೆ ಮತ್ತು ತಡವಾಗಿ ನೆಟ್ಟ ಆಲೂಗೆಡ್ಡೆಗೆ ಇಟ್ಟುಕೊಂಡು, ನೆಟ್ಟ ದಿನವೇ ಹೊದಿಸಿ, ಅಂಚಿಗೆ ಸುತ್ತಲೂ ಮಣ್ಣು ಏರಿಸಬೇಕು.